ಅಂಚು ಕತ್ತರಿಸದ ಪುಸ್ತಕಗಳು

ಅಣ್ಣನ ಓದಿನ ಕೋಣೆಗೆ ಬಂದವರು ಬಾಗಿಲಲ್ಲೇ ದನಿ ತಗ್ಗಿಸುತ್ತಿದ್ದರು. ಮೂರು ಗೋಡೆ ತುಂಬ ಗಾಜಿನ ಬೀರು, ಬೀರುಗಳಿಗೆ ಬೀಗ, ಬೀಗದ ಕೈ ಅಣ್ಣನ ಜೇಬಿನಲ್ಲಿ. ಯಾರಿಗೂ ಒಂದು ಪುಸ್ತಕ ಎರವಲು ಕೊಟ್ಟವನಲ್ಲ. ಯಾರಾದರೂ ಒಂದು ಕಾದಂಬರಿಯ ಹೆಸರೆತ್ತಿದರೆ ಸಾಕು, ಕಣ್ಣು ಮುಚ್ಚಿ, "ಅಬ್ಬಾ, ಅದರ ಕೊನೇ ಅಧ್ಯಾಯ!" ಎನ್ನುತ್ತಿದ್ದ. ಬಂದ ಪ್ರೊಫೆಸರು, ವಕೀಲರು, ಪತ್ರಿಕೆಯವರು ಎಲ್ಲ ತಾವೂ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಆ ಅಧ್ಯಾಯದಲ್ಲಿ ಏನಿದೆ ಎಂದು ಒಬ್ಬ ಪುಣ್ಯಾತ್ಮನೂ ಕೇಳಿದ್ದಿಲ್ಲ. ಕೇಳಿದರೆ ತಾನು ಓದಿಲ್ಲವೆಂದು ಗೊತ್ತಾಗಿಬಿಡುತ್ತದಲ್ಲ!

ಆ ಪುಸ್ತಕಗಳನ್ನೆಲ್ಲ ಹೊಲಿದು ರಟ್ಟು ಹಾಕಿದವಳು ತಂಗಿ. ಅಣ್ಣ ಪ್ರೆಸ್ಸಿನಿಂದ ಅಚ್ಚಾದ ದೊಡ್ಡ ಹಾಳೆಗಳನ್ನೇ ತರಿಸುತ್ತಿದ್ದ. ಅದನ್ನು ಮಡಿಸಿ ಮಡಿಸಿ ಹದಿನಾರು ಪುಟದ ಫಾರಂ ಮಾಡಬೇಕು, ಫಾರಂಗಳನ್ನು ಸೇರಿಸಿ ಹೊಲಿಯಬೇಕು, ಕೊನೆಗೆ ಮಷಿನ್ನಿನಲ್ಲಿ ಅಂಚು ಕತ್ತರಿಸಬೇಕು. ಆಗಲೇ ಪುಟಗಳು ತೆರೆದುಕೊಳ್ಳುವುದು. ಅಣ್ಣ ಅಂಚು ಕತ್ತರಿಸಲು ಬಿಡುತ್ತಿರಲಿಲ್ಲ.

"ರಸಿಕರು ಓದ್ತಾ ಓದ್ತಾ ತಾವೇ ಚಾಕುವಿನಿಂದ ಪುಟ ಬಿಡಿಸ್ಕೋತಾರೆ ಪುಟ್ಟಿ. ಅದರ ರುಚಿನೇ ಬೇರೆ," ಎಂದಿದ್ದ. ಅವಳು ಅವನಿಗಾಗಿ ಒಂದು ಹಿತ್ತಾಳೆ ಚಾಕು ಮಾಡಿಸಿಕೊಟ್ಟಿದ್ದಳು.

ಅಪ್ಪ ಸತ್ತಾಗ ಇಬ್ಬರಲ್ಲಿ ಒಬ್ಬರನ್ನು ಮಾತ್ರ ಓದಿಸಲು ಸಾಧ್ಯವಿತ್ತು. ಏಳನೆಯ ತರಗತಿಗೆ ಮೊದಲಿಗಳಾಗಿದ್ದವಳು ಶಾಲೆ ಬಿಟ್ಟು ಅಂಟಿನ ಡಬ್ಬಿ ಹಿಡಿದಳು. "ನಾನು ಓದಿದ್ರೆ ನೀನು ಓದಿದ ಹಾಗೇ. ನಿನ್ನ ಪಾಲಿಂದೂ ಸೇರಿಸಿ ಓದ್ತೀನಿ," ಎಂದು ಅಣ್ಣ ಮಾತು ಕೊಟ್ಟಿದ್ದ. ಅದನ್ನೇ ನಂಬಿ ಅವಳು ಪುಸ್ತಕಗಳನ್ನು ಹೊಲಿದಳೇ ಹೊರತು ಓದಲು ಹೋಗಲಿಲ್ಲ. ಸಂಜೆ ಅವನು ಪಕ್ಕದಲ್ಲಿ ಕೂತು ಕಥೆ ಹೇಳುತ್ತಿದ್ದ. ನೀಲಿ ರಟ್ಟಿನ ಕಾದಂಬರಿಯ ಕಥೆಯನ್ನಂತೂ ಅವಳು ಎಷ್ಟು ಸಲ ಹೇಳಿಸಿಕೊಂಡಿದ್ದಳೋ. ಅದರಲ್ಲಿ ಅಣ್ಣನಿಗಾಗಿ ಎಲ್ಲವನ್ನೂ ಬಿಟ್ಟ ಒಬ್ಬ ತಂಗಿ ಇದ್ದಳು. ಮುದುಕಿಯಾದರೂ ಒಂದು ದಿನವೂ ಅದಕ್ಕೆ ನೊಂದುಕೊಂಡವಳಲ್ಲ. ಶಾಲೆಯ ಗೆಳತಿಯರು ಟೀಚರು, ನರ್ಸು ಆಗಿ ಎದುರಿಗೆ ಸಿಕ್ಕಾಗಲೆಲ್ಲ ಇವಳು ಆ ತಂಗಿಯನ್ನು ನೆನೆದು ಸಮಾಧಾನ ಮಾಡಿಕೊಳ್ಳುತ್ತಿದ್ದಳು.

ಈಗ ಅಣ್ಣ ಪುಸ್ತಕಗಳನ್ನೆಲ್ಲ ಕಾಲೇಜಿನ ಲೈಬ್ರರಿಗೆ ದಾನ ಕೊಡುತ್ತಿದ್ದ. ಭಾನುವಾರ ಸಮಾರಂಭ. ಆಮಂತ್ರಣದಲ್ಲಿ 'ಒಂದು ಜೀವಮಾನದ ಓದು' ಎಂದು ಅಚ್ಚಾಗಿತ್ತು. ಬುಧವಾರ ರಾಶಿ ಪುಸ್ತಕಗಳು ಅವಳ ಬೈಂಡಿಂಗ್ ಅಂಗಡಿಗೆ ಬಂದಿಳಿದವು, ಹಿಂದೆಯೇ ಅಣ್ಣನ ಫೋನು.

"ಅಂಚು ಒರಟಾಗಿದೆ ಪುಟ್ಟಿ. ಎಲ್ಲಾ ಮಷಿನ್ನಿಗೆ ಕೊಟ್ಟು ಸಾಫ್ ಮಾಡ್ಬಿಡು. ಬಿಚ್ಚಿಗಿಚ್ಚಿ ನೋಡ್ತಾ ಕೂರ್ಬೇಡ. ಹೊರಗಿನವರ ಕೈಗೆ ಕೊಡೋಕೆ ಮನಸ್ಸಿಲ್ಲ, ಅದಕ್ಕೇ ನಿನಗೆ ಕಳಿಸ್ದೆ."

ಅವಳಿಗೆ ಹೆಮ್ಮೆಯೇ ಆಯಿತು.

ಬ್ಲೇಡಿಗೆ ಕೊಡುವ ಮೊದಲು ಹೆಬ್ಬೆರಳಿನಿಂದ ಪುಟಗಳನ್ನು ಫರ್ರನೆ ಬಿಡಿಸಿ ನೋಡುವುದು ಅವಳ ಅಭ್ಯಾಸ. ಒಳಗೆ ಪಿನ್ನು ಉಳಿದಿದ್ದರೆ ಬ್ಲೇಡು ಹಾಳು. ಮೊದಲ ಪುಸ್ತಕ ಫರ್ರೆನ್ನಲಿಲ್ಲ. ಮುನ್ನುಡಿ ಇದ್ದ ಫಾರಂ ಮಾತ್ರ ತೆರೆದಿತ್ತು, ಉಳಿದದ್ದೆಲ್ಲ ಅಂದು ಅವಳು ಮಡಿಸಿದ ಹಾಗೇ ಮುಚ್ಚಿತ್ತು. ಎರಡನೆಯದೂ ಹಾಗೇ. ಮೂವತ್ತನೆಯದೂ ಹಾಗೇ. ಸಂಜೆಯೊಳಗೆ ಇಡೀ ರಾಶಿ ನೋಡಿ ಮುಗಿಸಿದಳು. ಕೊನೆಯ ಫಾರಂ ಬಿಡಿಸಿದ ಪುಸ್ತಕ ಒಂದೂ ಇರಲಿಲ್ಲ.

ನೀಲಿ ರಟ್ಟಿನದನ್ನು ತೆಗೆದುಕೊಂಡು ಒಂದೊಂದೇ ಮಡಿಕೆ ಸೀಳುತ್ತಾ ಎರಡು ದಿನ ಕೂತು ಓದಿದಳು. ಅದು ದೀಪಸ್ತಂಭ ಕಾಯುವ ಒಂಟಿ ಗಂಡಸಿನ ಕಥೆ. ಅವನಿಗೆ ತಂಗಿ ಇರಲಿಲ್ಲ. ಇಡೀ ಪುಸ್ತಕದಲ್ಲಿ ಯಾರೂ ಯಾರಿಗಾಗಿಯೂ ಏನನ್ನೂ ಬಿಟ್ಟಿರಲಿಲ್ಲ.

ಶುಕ್ರವಾರ ಸಂಜೆ ಅಣ್ಣ ಅಂಗಡಿಗೆ ಬಂದ. ಪುಸ್ತಕಗಳ ಅಂಚು ನೋಡಿ ಅವನ ಮುಖ ಕಪ್ಪಿಟ್ಟಿತು.

"ಯಾಕೆ, ಇನ್ನೂ ಕತ್ತರಿಸಿಲ್ವಾ?"

"ಆ ತಂಗಿ ಎಲ್ಲಿದ್ದಾಳೆ ಅಣ್ಣಾ? ನಾನು ಕೊನೇವರೆಗೂ ಹುಡುಕ್ದೆ."

ಅವನು ಕುರ್ಚಿ ಎಳೆದುಕೊಂಡು ಕೂತ. "ಎಲ್ಲಾ ಯಾರು ಓದ್ತಾರೆ ಹೇಳು? ಎಲ್ಲರೂ ಹಾಗೇ ಕಣೆ. ಆ ಕಥೆ... ನಿನಗೆ ಸಮಾಧಾನ ಆಗ್ಲಿ ಅಂತ ಹೇಳ್ದೆ."

"ಅವರಿಗೆಲ್ಲ ಸುಳ್ಳು ಹೇಳ್ಕೋ, ನಂಗೇನು. ನನ್ನ ಪಾಲಿಂದೂ ಓದ್ತೀನಿ ಅಂದಿದ್ದೆಯಲ್ಲೋ! ಸ್ಕೂಲು ಬಿಟ್ಟೋಳು ನಾನು!"

ಅಣ್ಣ ನೆಲ ನೋಡಿದ. ಮೆಲ್ಲಗೆ, "ಭಾನುವಾರ ಜನ ತೆಗೆದು ನೋಡಿದ್ರೆ ನನ್ನ ಮಾನ ಹೋಗುತ್ತೆ ಪುಟ್ಟಿ," ಎಂದ.

"ಯಾರೂ ನೋಡಲ್ಲ, ಹೆದರ್ಬೇಡ. ಅವರೂ ನಿನ್ನ ಹಾಗೇ."

ಪುಸ್ತಕಗಳು ಹಾಗೇ ಹೋದವು, ನೀಲಿ ರಟ್ಟಿನದೊಂದು ಬಿಟ್ಟು. ಭಾನುವಾರ ಪ್ರಿನ್ಸಿಪಾಲರು ಒಂದನ್ನು ಕೈಗೆತ್ತಿಕೊಂಡು, ಒರಟು ಅಂಚನ್ನು ಸವರಿ, "ಎಂಥಾ ಅಭಿರುಚಿ!" ಎಂದು ಕಣ್ಣು ಮುಚ್ಚಿದರು. ಯಾರೂ ತೆರೆದು ನೋಡಲಿಲ್ಲ. ಅಣ್ಣನಿಗೆ ಧೈರ್ಯ ಬಂತು. ಮೈಕಿನ ಮುಂದೆ ನಿಂತು ಗದ್ಗದ ದನಿಯಲ್ಲಿ, "ಈ ಓದಿನಲ್ಲಿ ಅರ್ಧ ಪಾಲು ನನ್ನ ತಂಗಿಯದು," ಎಂದ. ಸಭೆಯೆಲ್ಲ ಅವಳ ಕಡೆ ತಿರುಗಿ ಚಪ್ಪಾಳೆ ತಟ್ಟಿತು.

ಮುಂದಿನ ಸಾಲಿನಲ್ಲಿ ಕೂತಿದ್ದ ಅವಳು ಚೀಲದಲ್ಲಿದ್ದ ನೀಲಿ ಪುಸ್ತಕವನ್ನು ಒತ್ತಿ ಹಿಡಿದುಕೊಂಡಳು. ಅಲ್ಲಿದ್ದ ಅಷ್ಟೂ ಪುಸ್ತಕಗಳಲ್ಲಿ ಕೊನೆಯ ಪುಟದವರೆಗೆ ಓದಿದ್ದು ಅದೊಂದೇ, ಅದನ್ನು ಓದಿದವಳು ಅವಳೇ.