ಅತ್ತೆಯ ಕಾಲ್ಗುಣ

ಗಾಡಿಗಳ ವೈರಿಂಗ್ ಕೆಲಸದಲ್ಲಿ ಅವನನ್ನು ಮೀರಿಸುವವರಿಲ್ಲ ಎಂದು ಗ್ಯಾರೇಜಿನ ಗಿರಾಕಿಗಳು ಹೇಳುತ್ತಿದ್ದರು. ಅವನೂ ಅದನ್ನೇ ಹೇಳುತ್ತಿದ್ದ, ಅವರಿಗಿಂತ ಒಂದಿಷ್ಟು ಹೆಚ್ಚಾಗಿ. 'ವೈರ್ ಡಾಕ್ಟರ್' ಎಂಬ ಹೆಸರು ಜನರೇ ಕೊಟ್ಟದ್ದೆಂದು ಅವನ ವಾದ. ಬೋರ್ಡಿನ ಮೇಲೆ ಬರೆಸಿಕೊಂಡ ಮೇಲೆ ಜನ ಹಾಗೆ ಕರೆಯತೊಡಗಿದರೆಂದು ಅವನ ಹೆಂಡತಿಯ ವಾದ. ಅದೇನೇ ಇರಲಿ, ಡಾಕ್ಟರ ಸ್ವಂತ ಹಳೇ ವ್ಯಾನು ಮಾತ್ರ ಮನಸ್ಸು ಬಂದರೆ ಸ್ಟಾರ್ಟ್ ಆಗುತ್ತಿತ್ತು, ಇಲ್ಲದಿದ್ದರೆ ಇಲ್ಲ. ದೀಪದ ಬುಡದಲ್ಲಿ ಕತ್ತಲೆ ಎಂಬ ಮಾತು ಬೇರೆಯವರ ಬಗ್ಗೆ ಆಡುವಾಗ ಬಾಯಿಗೆ ರುಚಿ. ತಾನೇ ದೀಪವಾಗಿ ನಿಂತಾಗ ಅಷ್ಟು ರುಚಿಸುವುದಿಲ್ಲ.

ಕಾಯಿಲೆಯ ಲಕ್ಷಣ ಇಷ್ಟೇ. ಕೀ ತಿರುಗಿಸಿದರೆ 'ಟಿಕ್' ಎಂದು ಒಂದು ಸದ್ದು, ಡ್ಯಾಶ್‌ಬೋರ್ಡಿನ ದೀಪಗಳು ಮಂಕು, ಆಮೇಲೆ ಮೌನ. ಈ ವ್ಯಾನಿನಲ್ಲಿ ಬ್ಯಾಟರಿ ಇರುವುದು ಡ್ರೈವರ್ ಪಕ್ಕದ ಸೀಟಿನ ಅಡಿಯಲ್ಲಿ. ಅಲ್ಲಿ ಕೂತವರನ್ನು ಇಳಿಸಿ, ಸೀಟು ಎತ್ತಿ, ಬ್ಯಾಟರಿಯನ್ನು ದುರುಗುಟ್ಟಿ ನೋಡಿ, ಎರಡು ವೈರ್ ಅಲ್ಲಾಡಿಸಿ, ಮತ್ತೆ ಕೀ ತಿರುಗಿಸಿದರೆ ಬೆಣ್ಣೆಯಂತೆ ಸ್ಟಾರ್ಟ್. ತಾನು ದುರುಗುಟ್ಟಿದ್ದಕ್ಕೇ ಅದು ಹೆದರಿತೆಂದು ಅವನು ಬಹಳ ದಿನ ನಂಬಿದ್ದ. ಹೊಸ ಬ್ಯಾಟರಿ ಹಾಕಿದ. ಸ್ಟಾರ್ಟರ್ ಮೋಟಾರ್ ಬಿಚ್ಚಿ, ಒರೆಸಿ, ಮತ್ತೆ ಕೂರಿಸಿದ. ಕೀ ಸ್ವಿಚ್ಚನ್ನೇ ಬದಲಾಯಿಸಿದ. ಗ್ಯಾರೇಜಿನಲ್ಲಿ ಅವನೊಬ್ಬನೇ ಕೂತು ತಿರುಗಿಸಿದಾಗಲೆಲ್ಲ ವ್ಯಾನು ಒಂದು ಸಲವೂ ಕೈಕೊಡಲಿಲ್ಲ. ಕೈಕೊಡುತ್ತಿದ್ದದ್ದು ಅತ್ತೆಯನ್ನು ಮಂಡಿಯ ವ್ಯಾಯಾಮಕ್ಕೆ ಕ್ಲಿನಿಕ್ಕಿಗೆ ಕರೆದೊಯ್ಯುವಾಗ ಮಾತ್ರ.

ಅತ್ತೆ ಮಂಡಿಯ ಆಪರೇಷನ್ ಆದ ಮೇಲೆ ಮಗಳ ಮನೆಗೆ ಬಂದು ಉಳಿದವರು. ಮಾತು ಕಮ್ಮಿ. ಅಳಿಯನ ಜೋಕುಗಳಿಗೆ ಮನೆಯಲ್ಲಿ ಇನ್ನೂ ನಗುತ್ತಿದ್ದವರು ಅವರೊಬ್ಬರೇ ಆದ್ದರಿಂದ ಅವರನ್ನು ಕಂಡರೆ ಅವನಿಗೆ ನಿಜವಾಗಿಯೂ ಪ್ರೀತಿಯಿತ್ತು.

ಅತ್ತೆ ಕೂತಾಗ ಮಾತ್ರ ಗಾಡಿ ಕೆಡುತ್ತದೆ ಎಂಬುದು ಅವನ ಕಣ್ಣಿಗೆ ಬೀಳದೆ ಇರಲಿಲ್ಲ. ಬೇರೆ ಯಾರ ಗಾಡಿಯಾಗಿದ್ದರೂ ಅಷ್ಟು ಸುಳಿವು ಸಾಕಾಗಿತ್ತು, ಸೀಟಿನ ಸುತ್ತ ಇಂಚಿಂಚೂ ಕೆದಕುತ್ತಿದ್ದ. ಆದರೆ ಉತ್ತರ ಬಾಯಿಗೇ ಬಂದು ಕೂತಾಗ ಅದನ್ನು ಜೋಕು ಮಾಡಿ ಉಗುಳುವುದು ಅವನ ಹುಟ್ಟುಗುಣ. ಒಂದು ಬೆಳಿಗ್ಗೆ ಕ್ಲಿನಿಕ್ಕಿನಿಂದ ಬರುವಾಗ ಗ್ಯಾರೇಜಿನ ಮುಂದೆ ವ್ಯಾನು ನಿಲ್ಲಿಸಿ ಇಳಿದ. ಗಾಡಿ ಏನಾಯ್ತು ಡಾಕ್ಟ್ರೇ ಎಂದು ಪಕ್ಕದ ಟೈರ್ ಅಂಗಡಿಯವನು ಕೇಳಿದ. ಸ್ಕೂಲ್ ಬಸ್ಸಿನ ಡ್ರೈವರ್ ಮತ್ತು ಇನ್ನಿಬ್ಬರು ಗಿರಾಕಿಗಳೂ ಕಿವಿಗೊಟ್ಟರು. ಇಷ್ಟು ಜನ ಕಿವಿಗೊಟ್ಟರೆ ಅವನು ಮನುಷ್ಯನಾಗಿ ಉಳಿಯುವುದಿಲ್ಲ.

"ಬ್ಯಾಟರಿ ಸರಿ, ಮೋಟಾರ್ ಸರಿ, ಸ್ವಿಚ್ ಸರಿ," ಎಂದ. "ಉಳಿದಿದ್ದು ಒಂದೇ. ನಮ್ಮತ್ತೆ ಕಾಲ್ಗುಣ!"

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನು ತಿರುಗಿ ನೋಡಿದರೆ ವ್ಯಾನಿನ ಕಿಟಕಿ ತೆರೆದಿತ್ತು. ಅತ್ತೆಯೂ ನಗುತ್ತಿದ್ದರು, ಆದ್ದರಿಂದ ಎಲ್ಲ ಸರಿಯಾಗಿದೆ ಎಂದುಕೊಂಡ.

ಮಾರನೆಯ ದಿನ ಅತ್ತೆ ತಾವು ಮಗನ ಮನೆಗೆ ಹೋಗುವುದಾಗಿ ಹೇಳಿದರು. ಮಗನ ಮನೆ ರೈಲಿನಲ್ಲಿ ಅರ್ಧ ದಿನದ ದಾರಿ, ಎರಡೇ ಕೋಣೆ, ಏರಲು ಮೂರು ಮಹಡಿ ಮೆಟ್ಟಿಲು. ಯಾಕೆಂದು ಎಷ್ಟು ಕೇಳಿದರೂ, "ಸುಮ್ನೆ ಕಣೇ, ಅವನನ್ನೂ ನೋಡ್ಬೇಕಲ್ಲ," ಎಂದಷ್ಟೇ ಮಗಳಿಗೆ ಹೇಳಿ ಬಟ್ಟೆ ಮಡಚತೊಡಗಿದರು.

ಹೆಂಡತಿ ಅವನನ್ನು ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿದಳು.

"ಏನ್ರೀ ಅಂದ್ರಿ ಅವ್ರಿಗೆ?"

ಅವನು ಹೇಳಿದ. ಹೇಳುವಾಗ ಜೋಕು ಗ್ಯಾರೇಜಿನಲ್ಲಿದ್ದಷ್ಟು ದೊಡ್ಡದಾಗಿರಲಿಲ್ಲ.

"ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ. ನಿಮಗೆ ರಿಪೇರಿ ಬರ್ಲಿಲ್ಲ, ಅದಕ್ಕೆ ನಮ್ಮಮ್ಮನ ಕಾಲು ಸಿಕ್ತು," ಎಂದಳು ಅವಳು. "ಅಮ್ಮ ಮದುವೆಯಾಗಿ ಬಂದ ವಾರಕ್ಕೇ ಅಪ್ಪನ ಅಂಗಡಿ ಸುಟ್ಟುಹೋಗಿತ್ತು, ಗೊತ್ತಾ? ಸೊಸೆ ಕಾಲ್ಗುಣ ಅಂತ ನಮ್ಮಜ್ಜಿ ಸಾಯೋವರೆಗೂ ಅಂದ್ರು. ಇಲ್ಲಾದ್ರೂ ಆ ಮಾತು ಕೇಳೋದು ತಪ್ಪಿತು ಅಂದ್ಕೊಂಡಿದ್ರು ಪಾಪ."

ಅವನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ ವೈರನ್ನು ಮುಟ್ಟಬೇಡಿ ಎಂದು ಊರಿಗೆಲ್ಲ ಬುದ್ಧಿ ಹೇಳುವ ತನ್ನ ನಾಲಿಗೆಯನ್ನು ಕತ್ತರಿಸಿ ಟೇಪು ಸುತ್ತಿಡಬೇಕೆನಿಸಿತು. ಅತ್ತೆಯ ಮುಂದೆ ಹೋಗಿ ನಿಂತ. "ತಮಾಷೆಗೆ ಅಂದೆ ಅತ್ತೆ," ಎಂದ. "ನಂಗೊತ್ತಿಲ್ವಾ ಅಳಿಯಂದ್ರೇ," ಎಂದು ಅವರು ನಕ್ಕು ಬ್ಯಾಗಿನ ಜಿಪ್ ಎಳೆದರು. ಆ ನಗುವಿಗಿಂತ ಎರಡು ಬೈಗುಳ ಸಿಕ್ಕಿದ್ದರೆ ಮೇಲಾಗಿತ್ತು.

ಹೊರಡುವ ದಿನ ಹೆಂಡತಿ ಹಿಂದೆ ಕೂತಳು. ಅತ್ತೆ ಮುಂದಿನ ಸೀಟಿಗೆ ಹತ್ತಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡರು. ಇವತ್ತೊಂದು ದಿನ ಮಾನ ಉಳಿಸು ಎಂದು ಅವನು ವ್ಯಾನನ್ನು ಮನಸ್ಸಿನಲ್ಲೇ ಬೇಡಿಕೊಂಡು ಕೀ ತಿರುಗಿಸಿದ.

ಟಿಕ್.

ಮತ್ತೆ ತಿರುಗಿಸಿದ. ಟಿಕ್.

"ತಡೀರಿ, ನಾನು ಇಳೀತೀನಿ. ಆಗ ಸ್ಟಾರ್ಟ್ ಆಗುತ್ತೆ," ಎಂದರು ಅತ್ತೆ. ಇಳಿದು ಗೇಟಿನ ಕಂಬ ಹಿಡಿದು ನಿಂತರು. ಆಗದಿರಲಿ ಎಂದು ಹಾರೈಸುತ್ತ ಅವನು ಕೀ ತಿರುಗಿಸಿದ. ದರಿದ್ರದ್ದು ಸ್ಟಾರ್ಟ್ ಆಯಿತು.

"ನೋಡಿದ್ರಾ," ಎಂದರು ಅತ್ತೆ, ಸಣ್ಣ ದನಿಯಲ್ಲಿ. ಕಣ್ಣು ತುಂಬಿತ್ತು.

ಅವನಿಗೆ ತನ್ನ ಮೇಲೆ ಎಂಥ ಸಿಟ್ಟು ಬಂತೆಂದರೆ ಇಂಜಿನ್ ಆಫ್ ಮಾಡಿ ಕೆಳಗೆ ಹಾರಿದ. "ಅತ್ತೆ, ದಯವಿಟ್ಟು ಇನ್ನೊಂದ್ಸಲ ಕೂತ್ಕೊಳ್ಳಿ. ಯಾವಾಗ್ಲೂ ಹೆಂಗೆ ಕೂರ್ತೀರೋ ಹಂಗೇ." ಅವರು ಕೂತರು. ಈ ಸಲ ಅವನು ಸೀಟು ಎತ್ತಲಿಲ್ಲ. ಬಾಗಿಲ ಬಳಿ ರಸ್ತೆಯ ಮೇಲೇ ಮಂಡಿಯೂರಿ ಅವರ ಕಾಲನ್ನು ನೋಡಿದ. ಆಪರೇಷನ್ ಆದ ಕಾಲು ಮಡಚುತ್ತಿರಲಿಲ್ಲ. ಅದನ್ನು ಮುಂದಕ್ಕೆ ನೀಟಾಗಿ ಚಾಚಿ, ಹಿಮ್ಮಡಿಯನ್ನು ಮ್ಯಾಟಿನ ಅಂಚಿಗೆ ಒತ್ತಿ ಹಿಡಿದಿದ್ದರು. ನೋವು ಹೆಚ್ಚಿದ ದಿನ ಹೆಚ್ಚು ಒತ್ತುತ್ತಿದ್ದಿರಬೇಕು. ಹೆಂಡತಿ ಹಿಂದಿನಿಂದ ಕೈಚಾಚಿ ಕೀ ತಿರುಗಿಸಿದಳು. ಟಿಕ್. "ಒಂಚೂರು ಕಾಲು ಎತ್ತಿ ಅತ್ತೆ." ಸ್ಟಾರ್ಟ್.

ಮ್ಯಾಟು ಎಳೆದ. ಕೆಳಗೆ ತಳದ ತಗಡು ಹಸಿರಾಗಿ ಥಳಥಳ ಹೊಳೆಯುತ್ತಿತ್ತು. ಅತ್ತೆ ಬರುತ್ತಾರೆಂದು, ತುಕ್ಕು ಅವರ ಕಣ್ಣಿಗೆ ಬೀಳಬಾರದೆಂದು, ಎರಡು ಕೋಟ್ ಬಣ್ಣ ಬಳಿದವನು ಅವನೇ. ಬ್ಯಾಟರಿಯ ಅರ್ತ್ ವೈರನ್ನು ಆ ಬಣ್ಣದ ಮೇಲೇ ಬೋಲ್ಟ್ ಹಾಕಿ ಬಿಗಿದವನೂ ಅವನೇ. ಅರ್ತ್ ವೈರ್ ಬರೀ ಲೋಹಕ್ಕೆ ತಾಗಬೇಕು, ಬಣ್ಣದ ಮೇಲೆ ಕೂರಿಸಿದರೆ ಕರೆಂಟು ಹರಿಯುವುದು ಅನುಮಾನ. ಇದು ಈ ಕೆಲಸದ ಅ ಆ ಇ ಈ. ಬೋಲ್ಟಿನ ಒಂದು ಅಂಚು ಹೇಗೋ ತಗಡಿಗೆ ತಾಗಿಕೊಂಡು ಇಷ್ಟು ದಿನ ಅವನ ಮಾನ ಕಾಪಾಡಿತ್ತು, ಹಿಮ್ಮಡಿ ಒತ್ತಿದಾಗ ತಗಡು ಬಗ್ಗಿ ಅದೂ ಬಿಟ್ಟುಹೋಗುತ್ತಿತ್ತು. ನೆಲ ನಿಜವಾಗಿಯೂ ಡೊಂಕಾಗಿತ್ತು. ಡೊಂಕು ಮಾಡಿದವನು ಡಾಕ್ಟರ್.

ಬಣ್ಣ ಕೆರೆದ, ತಗಡು ಬೆಳ್ಳಗೆ ಕಾಣುವವರೆಗೆ ಉಜ್ಜಿದ, ಬೋಲ್ಟ್ ಬಿಗಿದ. "ಈಗ ಒತ್ತಿ ಅತ್ತೆ. ನನ್ನ ತಲೆ ಅಂದ್ಕೊಂಡು ಒತ್ತಿ." ಅವರು ಒತ್ತಿದರು. ವ್ಯಾನು ಸ್ಟಾರ್ಟ್ ಆಯಿತು. ಆಫ್ ಮಾಡಿ, ಒತ್ತಿಸಿ, ಮತ್ತೆ ಮಾಡಿದ. ಆಯಿತು. ಅತ್ತೆ ಬೋಲ್ಟನ್ನೇ ನೋಡುತ್ತಿದ್ದರು.

ಸ್ಟೇಷನ್ನಿನ ದಾರಿಯಲ್ಲೇ ಗ್ಯಾರೇಜು. ನಿಲ್ಲಿಸಿ ಎಂದು ಅತ್ತೆ ಹೇಳಲಿಲ್ಲ, ಹೆಂಡತಿಯೂ ಹೇಳಲಿಲ್ಲ. ಅವನೇ ನಿಲ್ಲಿಸಿ, ಕಿಟಕಿ ಪೂರ್ತಿ ಇಳಿಸಿ, ಟೈರ್ ಅಂಗಡಿಯವನನ್ನೂ ಬಸ್ ಡ್ರೈವರನ್ನೂ ಕೂಗಿ ಕರೆದ.

"ಗಾಡಿ ಕಾಯಿಲೆ ಗೊತ್ತಾಯ್ತು. ಬಣ್ಣದ ಮೇಲೆ ಅರ್ತ್ ಬಿಗಿದಿದ್ದ ಒಬ್ಬ ಕತ್ತೆ."

"ಯಾವನವನು?" ಎಂದ ಬಸ್ ಡ್ರೈವರ್.

"ನಾನೇ."

ಟೈರ್ ಅಂಗಡಿಯವನು ತೊಡೆ ತಟ್ಟಿಕೊಂಡ. "ಹಂಗಾದ್ರೆ ಅದು ಅಮ್ಮಾವ್ರ ಕಾಲ್ಗುಣ ಅಲ್ಲ ಡಾಕ್ಟ್ರೇ, ನಿಮ್ಮ ಕೈಗುಣ!"

ಆವತ್ತಿಗಿಂತ ದೊಡ್ಡ ನಗು ಎದ್ದಿತು. ಡಾಕ್ಟರ ಕೈಗುಣ ಇನ್ನು ಒಂದು ವರ್ಷ ಈ ಬೀದಿಯಲ್ಲಿ ಓಡುತ್ತದೆಂದು ಅವನಿಗೆ ಖಾತ್ರಿಯಾಯಿತು. ಪಕ್ಕಕ್ಕೆ ನೋಡಿದ. ಅತ್ತೆ ನಗುತ್ತಿರಲಿಲ್ಲ.

ವ್ಯಾನು ಮುಂದೆ ಹೋದ ಮೇಲೆ ಅವರು ಬಾಯಿ ಬಿಟ್ಟರು. "ಅಂಗಡಿ ಸುಟ್ಟಾಗ್ಲೂ ಯಾರಾದ್ರೂ ಒಬ್ರು ಹೀಗೆ ಬಗ್ಗಿ ನೋಡ್ಬೇಕಿತ್ತು ಅಳಿಯಂದ್ರೇ. ಅಲ್ಲೂ ಯಾವ್ದೋ ಒಂದು ವೈರ್ ಸಿಕ್ಕಿರೋದು."

ಅವನು ಏನಾದರೂ ಅನ್ನಬೇಕಲ್ಲ ಎಂದು, "ರೈಲಿಗೆ ಇನ್ನೂ ಟೈಮಿದೆ ಅತ್ತೆ," ಎಂದ. ಹೆಂಡತಿ ಹಿಂದಿನಿಂದ ಅವನ ಭುಜ ಚಿವುಟಿದಳು.

"ಇದ್ರೆ ಇರ್ಲಿ ಬಿಡಿ," ಎಂದರು ಅತ್ತೆ, ಕಾಲನ್ನು ಮುಂದಕ್ಕೆ ಚಾಚುತ್ತ. "ಮನೆಗೆ ತಿರುಗಿಸಿ."