ಉದುರದ ತೆನೆ

ಬಂಡೆಗಳಿಗಿನ್ನೂ ಬಾಯಿದ್ದ ಕಾಲವಂತೆ ಅದು. ಆಗ ನವಣೆಗೆ ಹೊಲವಿರಲಿಲ್ಲ. ಬೇಲಿಯ ಸಂದಿ, ಗುಡ್ಡದ ಓರೆ, ಅದೇ ಅದರ ಊರು. ಯಾರನ್ನೂ ನಂಬದ ಹುಲ್ಲು. ಕಾಳು ಬಲಿಯುವುದೇ ತಡ, ಇರುವೆ ಹತ್ತಿದರೆ ಉದುರಿಸುತ್ತಿತ್ತು, ಗಾಳಿ ಸುಳಿದರೆ ಉದುರಿಸುತ್ತಿತ್ತು. ಹಸಿದ ಹೆಂಗಸೊಬ್ಬಳು ದಿನಾ ಬಂದು ಕೈ ಚಾಚುವಳು, ಅಷ್ಟರಲ್ಲಿ ತೆನೆ ಬರಿದಾಗಿರುತ್ತಿತ್ತು. ಹೀಗಿರುತ್ತಾ ಒಂದು ದಿನ, ಸಾವಿರ ತೆನೆಗಳ ನಡುವೆ ಒಂದೇ ಒಂದು ತೆನೆ...

“ಅವಳಿಗೋಸ್ಕರ ಕಾದು ನಿಂತಿತ್ತು. ಗೊತ್ತು ಅಜ್ಜಿ,” ಎಂದಳು ಕೀರ್ತನಾ. “ಕಥೆ ಆಮೇಲೆ ಹೇಳೀವಂತೆ. ಈಗ ಮೊರ ಕೊಡು, ಹೊತ್ತಾಗ್ತೈತೆ.”

ಬದುವಿನ ಬೇವಿನ ನೆರಳಲ್ಲಿ ಕಾಲು ಚಾಚಿ ಕೂತಿದ್ದ ಬರಗೇರಮ್ಮ ಮೊರವನ್ನು ತಡವಿ ಎತ್ತಿ ಮೊಮ್ಮಗಳ ಕಡೆಗೆ ಹಿಡಿದಳು. ಮೊನ್ನೆಯಷ್ಟೇ ಹೊಸದುರ್ಗದಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡು ಬಂದಿದ್ದಳು. ಮುಖದ ಅರ್ಧ ಮುಚ್ಚುವಂಥ ಕರಿ ಕನ್ನಡಕ. ಬಗ್ಗಬಾರದು, ಧೂಳಿಗೆ ಹೋಗಬಾರದು ಎಂದು ಡಾಕ್ಟರು ಹೇಳಿ ಕಳಿಸಿದ್ದರು. “ನೆರಳಾಗೆ ಕುಂತ್ಕಂಡ್ರೆ ಕಣ್ಣೇನು ಕರಗಿ ಹೋಗ್ತಾವಾ?” ಎಂದು ಹಟ ಹಿಡಿದು ಹೊಲಕ್ಕೆ ಬಂದಿದ್ದಳು. ಬರದೆ ಇರುವಂತಿರಲಿಲ್ಲ. ಮಾತು ಕೊಟ್ಟಿದ್ದಳು.

ಮಾತು ಕೊಟ್ಟಿದ್ದು ಆದಿವಾಲದ ಪ್ಯಾರಿ ಬೀಗೆ. ನಲವತ್ತೈದು ವರ್ಷದ ಹಿಂದೆ ಆಸ್ಪತ್ರೆಯಲ್ಲಿ ಅಕ್ಕಪಕ್ಕದ ಮಂಚದಲ್ಲಿ ಹೆತ್ತವರು ಇಬ್ಬರೂ. ಬರಗೇರಮ್ಮನ ಮನೆಯಿಂದ ಬರುತ್ತಿದ್ದ ಕರಿನವಣೆಯ ಗಂಜಿಯನ್ನು ಇಬ್ಬರೂ ಒಂದೇ ಪಾತ್ರೆಯಿಂದ ಕುಡಿದಿದ್ದರು. ಹೋಗುವಾಗ ಪ್ಯಾರಿ ಬೀ ಒಂದು ಹಿಡಿ ಬೀಜ ಸೆರಗಿಗೆ ಕಟ್ಟಿಕೊಂಡು ಹೋಗಿದ್ದಳು. ಅಂದಿನಿಂದ ಆ ನವಣೆಗೆ ಎರಡು ಮನೆ. ಸುತ್ತಲ ಊರುಗಳಲ್ಲಿ ಉಳಿದವರು ಅದನ್ನು ಯಾವತ್ತೋ ಬಿಟ್ಟಿದ್ದರು.

ಹೋದ ತಿಂಗಳು ಪ್ಯಾರಿ ಬೀ ಫೋನು ಮಾಡಿ ಅಳುತ್ತ ನಗುತ್ತ ಹೇಳಿದ್ದಳು: “ಅಕ್ಕಾ, ಹೊಸದಾಗಿ ಬಂದ ಕಿರಿ ಸೊಸೆ ಶಾಹೀನ್ ಬೀಜದ ಮಡಕೆ ಮಿಲ್ಲಿಗೆ ಕಳಿಸಿ ಖೀರು ಮಾಡವ್ಳೆ. ಎರಡು ಬಟ್ಲು ತಿಂದು ಭಾಳ ಚೆನ್ನಾಗೈತೆ ಅಂದೆ. ಆಮೇಲೆ ಮಡಕೆ ನೋಡಿದ್ರೆ ಖಾಲಿ!”

“ಅಳಬ್ಯಾಡ ಕಣೆ. ಈ ಸಲ ಕೊಯ್ಲಿಗೆ ಮುಂಚೆ ಆರಿಸೋ ತೆನೆ ನಿಂದೇ,” ಎಂದಿದ್ದಳು ಬರಗೇರಮ್ಮ.

ಆ ಕೊಯ್ಲು ಇವತ್ತು. ಮೂರು ಎಕರೆ ಹಳದಿ ನವಣೆ, ಅದರ ಮೂಲೆಯಲ್ಲಿ ನಾಲ್ಕು ಗುಂಟೆ ಕರಿನವಣೆ. ಪಡುವಲ ಗುಡ್ಡದ ಗಾಳಿವಿದ್ಯುತ್ ಫ್ಯಾನುಗಳ ಹಿಂದೆ ಮೋಡ ಕಟ್ಟುತ್ತಿತ್ತು. ನಾಲ್ಕಕ್ಕೆ ಆಳು ಬಂದರೆ ಎಲ್ಲವನ್ನೂ ಒಟ್ಟಿಗೆ ಕೊಯ್ದು ಮಿಷನ್ನಿಗೆ ಹಾಕಿಬಿಡುವುದು ಎಂದು ಕೀರ್ತನಾಳ ಅಪ್ಪ ಕೆಂಚಪ್ಪ ಬೆಳಿಗ್ಗೆಯೇ ಹೇಳಿದ್ದ. ಐದಕ್ಕೆ ಪ್ಯಾರಿ ಬೀಯ ಮೊಮ್ಮಗ ಮುಝಫರ್ ತೆಂಗಿನಕಾಯಿ ಲೋಡು ಇಳಿಸಿ ಈ ದಾರಿಯಲ್ಲೇ ವಾಪಸು ಹೋಗುವವನು. ಅಷ್ಟರಲ್ಲಿ ಬೀಜ ಆರಿಸಬೇಕು. ಆರಿಸುವ ಕೈಗೆ ಈ ವರ್ಷ ಕಣ್ಣಿಲ್ಲ.

ಕೀರ್ತನಾ ಕರಿನವಣೆಯ ನಡುವೆ ನಿಂತಳು. ನರಿಬಾಲದಂಥ ತೆನೆಗಳು ಸೊಂಟಕ್ಕೆ ತಾಗುತ್ತಿದ್ದವು, ರೋಮದ ತುದಿಯಲ್ಲಿ ಬಿಸಿಲು ಹೊಗೆಯಾಡುತ್ತಿತ್ತು. ಅವಳಿಗೆ ಹೀಗೆ ನಿಂತರೆ ಏನೇನೋ ಕಾಣುವುದು: ಅಜ್ಜಿಯ ಕಥೆಯ ಹಸಿದ ಹೆಂಗಸು ಅಗೋ ಆ ಬಂಡೆಯ ಮರೆಯಿಂದ ಬಂದಂತೆ, ಮುಖ ಮಾತ್ರ ತಿರುಗಿಸದಂತೆ. ಹಾಗೆಯೇ ಒಂದಷ್ಟು ಹೊತ್ತು ಕಳೆಯಿತು. ಆಮೇಲೆ ಗಡಬಡಿಸಿ ಕೆಲಸಕ್ಕೆ ಇಳಿದಳು. ಒಂದೊಂದೇ ತೆನೆಯನ್ನು ಮೊರದ ಮೇಲೆ ಬಗ್ಗಿಸಿ ಮೆಲ್ಲಗೆ ಅಲ್ಲಾಡಿಸಿದಳು. ಬಲಿತ ಕಾಳು ತಾನಾಗಿ ಉದುರುತ್ತದೆ, ಉದುರದ್ದು ಇನ್ನೂ ಎಳೆಯದು. ಇದಕ್ಕಿಂತ ಸುಲಭದ ದಾರಿ ಉಂಟೇ? ಮೂರು ಗಂಟೆಯ ಹೊತ್ತಿಗೆ ಮೊರದ ತಳ ಮುಚ್ಚುವಷ್ಟು ಕಪ್ಪು ಕಾಳು ಮಿರಮಿರ ಮಿಂಚುತ್ತಿತ್ತು.

“ತಗಾ ಅಜ್ಜಿ. ಮುಝಫರಣ್ಣ ಬರೋದ್ರೊಳಗೆ ಇನ್ನಷ್ಟಾಗುತ್ತೆ.”

ಬರಗೇರಮ್ಮ ಮೊರದೊಳಗೆ ಬೆರಳಾಡಿಸಿದಳು. “ಇಷ್ಟು ಬೇಗ ಎಂಗೆ ತೆಗ್ದೆ?”

“ಅಲ್ಲಾಡಿಸಿದ್ರೆ ತಾವೇ ಬಿದ್ವು.”

ಮುದುಕಿಯ ಬೆರಳು ನಿಂತವು. ಕನ್ನಡಕದ ಹಿಂದೆ ಏನಿತ್ತೋ ಕಾಣಲಿಲ್ಲ. “ಬೇಲಿಯಾಗೆ ನವಣೆ ತರದ ಹುಲ್ಲೈತೆ ನೋಡು. ಒಂದು ಕಡ್ಡಿ ಕಿತ್ಕಂಡು ಬಾ,” ಎಂದಳು.

ಕೀರ್ತನಾ ತಂದಳು. ಕಿರುಬೆರಳಷ್ಟು ತೆನೆ. ಅಜ್ಜಿಯ ಕೈಗೆ ಸೇರುವಷ್ಟರಲ್ಲೇ ಅರ್ಧ ಕಾಳು ದಾರಿಯಲ್ಲಿ ಚೆಲ್ಲಿತ್ತು. ಅಂಗೈಯಲ್ಲಿ ಒಮ್ಮೆ ಉಜ್ಜಿದಳು, ಬರಿ ಕಡ್ಡಿ ಉಳಿಯಿತು.

“ಇದು ನವಣೆಯ ದಾಯಾದಿ. ಬೇಲಿಯಾಗೆ ನಿಂತ್ಕಂಡು ವರ್ಷಾ ವರ್ಷಾ ಹೊಲದ ಕಡೆ ಇಣುಕ್ತೈತೆ. ಗಾಳಿಗೆ ಹೂವು ಬೆರಿತಾವೆ. ಬೆರೆತ ತೆನೆ ನೋಡಾಕೆ ನಮ್ದೇ ತರ ಇರ್ತೈತೆ, ಮುಟ್ಟಿದ್ರೆ ಉದುರ್ತೈತೆ. ನೀನು ಉದುರಿದ್ದನ್ನೇ ಆರ್ಸಿದೀಯ ಮಗಾ. ಇದನ್ನ ಪ್ಯಾರಿ ಬಿತ್ತಿದ್ರೆ, ನಾಕು ವರ್ಷಕ್ಕೆ ಅವಳ ಹೊಲ ಎಲ್ಲಾ ಬೇಲಿ ಆಗ್ತೈತೆ.”

ಕೀರ್ತನಾ ಮೊರದ ಕಾಳನ್ನು ಮುಟ್ಟಿ ನೋಡಿದಳು. ಚಿತ್ರದುರ್ಗದ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಮೇಷ್ಟ್ರು ಪರದೆಯ ಮೇಲೆ ಎರಡು ತೆನೆ ತೋರಿಸಿದ್ದರು: ಕಾಡಿನದು, ಪಳಗಿದ್ದು. ಹುಲ್ಲು ಪೈರಾಗಲು ಸಾವಿರಾರು ವರ್ಷ ಹಿಡಿಯಿತು, ಕಾಳು ಕಚ್ಚಿಕೊಂಡು ನಿಲ್ಲುವುದೇ ಪಳಗಿದ್ದರ ದೊಡ್ಡ ಗುರುತು ಎಂದಿದ್ದರು. ಅವಳು ಪರೀಕ್ಷೆಯಲ್ಲಿ ಅದನ್ನೇ ಬರೆದು ಹತ್ತಕ್ಕೆ ಒಂಬತ್ತು ಅಂಕ ತೆಗೆದಿದ್ದಳು. ಪಳಗಿಸಿದ್ದು ಯಾರ ಕೈ ಎಂದು ಮೇಷ್ಟ್ರು ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ.

“ಈಗೇನು ಮಾಡ್ಲಿ?”

“ಆ ಕಾಳು ಕೋಳಿಗಾತು. ನಿನ್ನ ಕೈ ಕೊಡಿಲ್ಲಿ.” ಬರಗೇರಮ್ಮ ಮೊಮ್ಮಗಳ ಮುಂಗೈ ಹಿಡಿದು, ತೋರುಬೆರಳನ್ನೇ ತೆನೆ ಮಾಡಿಕೊಂಡು ಬುಡದಿಂದ ತುದಿಯವರೆಗೆ ತನ್ನ ಮುಷ್ಟಿಯಲ್ಲಿ ಎಳೆದಳು. ಬಿಗಿಯೂ ಅಲ್ಲ, ಸಡಿಲವೂ ಅಲ್ಲ. ಹಸುವಿನ ಕೆಚ್ಚಲಿಗೆ ಕೈ ಹಾಕಿದ ಹಾಗೆ. “ಇಷ್ಟೇ ಒತ್ತು. ಅಂಗೈಗೆ ಮೂರು ಕಾಳಿಗಿಂತ ಜಾಸ್ತಿ ಬಂದ್ರೆ ಬಿಟ್ಬಿಡು. ಬರದೆ ಇದ್ರೆ ಗೇಣುದ್ದ ಕಡ್ಡಿ ಸಮೇತ ಮುರ್ಕ. ಬೀಜ ತೆನೆಯಾಗೇ ಹೋಗ್ಬೇಕು.”

ಕೀರ್ತನಾ ಮತ್ತೆ ಇಳಿದಳು. ಈಗ ಕನಸಿಗೆ ಪುರಸೊತ್ತಿರಲಿಲ್ಲ. ಎಳೆದಳು, ಅಂಗೈ ನೋಡಿದಳು, ಬಿಟ್ಟಳು. ಎಳೆದಳು, ನೋಡಿದಳು, ಮುರಿದಳು. ಮೊದಲ ಹಿಡಿ ತಂದು ಕೊಟ್ಟಾಗ ಅಜ್ಜಿ ತೆನೆಗಳ ಮೇಲೆ ಕೈಯಾಡಿಸಿ ನಕ್ಕಳು.

“ಏನವ್ವ, ಎಲ್ಲಾ ಒಂದೇ ಅಚ್ಚು! ಮದುವೆಗೆ ಹೆಣ್ಣು ನೋಡ್ದಂಗೆ ಉದ್ದಂದು, ದಪ್ಪಂದು ನೋಡಿ ತಂದೀಯ?”

“ದಪ್ಪ ಇರೋದು ಒಳ್ಳೇದಲ್ವಾ?”

“ಮಳೆ ಹುಯ್ದ ವರ್ಷ ಒಳ್ಳೇದು. ಮಳೆ ಕೈ ಕೊಟ್ರೆ ಆ ಕುಳ್ಳಂದೇ ಅನ್ನ ಹಾಕೋದು. ರೋಮ ಜಾಸ್ತಿ ಇರೋದಕ್ಕೆ ಗಿಣಿ ಬಾಯಿ ಹಾಕಲ್ಲ. ಕೆಂಪು ದಂಟಿಂದು ತಡವಾಗಿ ಬಲಿತೈತೆ, ಮೊದಲ ಮಳೆ ತಪ್ಪಿದ್ರೆ ಅದೇ ಗತಿ. ಎಲ್ಲಾದ್ರಾಗೂ ಒಂದೀಟು ತಗಾ. ಮುಂದಿನ ವರ್ಷ ಎಂಗಿರ್ತೈತೆ ಅಂತ ನಿಂಗೊತ್ತಾ, ನಂಗೊತ್ತಾ?”

ಕೀರ್ತನಾ ಹೊಲದ ಕಡೆ ತಿರುಗಿದಳು. ಒಂದೇ ಕಪ್ಪು ಎಂದುಕೊಂಡಿದ್ದ ನಾಲ್ಕು ಗುಂಟೆಯಲ್ಲಿ ಈಗ ಕುಳ್ಳವು, ನೀಳವು, ಕೆಂಪು ಕಾಲಿನವು, ಪೊದೆಗೂದಲಿನವು, ಒಂದೊಂದೂ ಬೇರೆ ಬೇರೆಯಾಗಿ ಎದ್ದು ನಿಂತವು. ಐವತ್ತು ವರ್ಷ ಈ ಮುದುಕಿ ಇಷ್ಟೊಂದು ಮುಖಗಳನ್ನು ನೆನಪಿಟ್ಟುಕೊಂಡು ಓಡಾಡಿದ್ದಾಳೆ, ಯಾರಿಗೂ ಹೇಳದೆ. ಅವಳ ಅತ್ತೆಯೂ ಹೀಗೆಯೇ ಇರಬೇಕು. ಆ ಅತ್ತೆಗೂ ಒಬ್ಬ ಅತ್ತೆ.

ನಾಲ್ಕಕ್ಕೆ ಕೆಂಚಪ್ಪ ಎಂಟು ಆಳು ಕರೆದುಕೊಂಡು ಬಂದ. ಮೋಡ ಅರ್ಧ ಆಕಾಶಕ್ಕೆ ಬಂದಿತ್ತು.

“ಇನ್ನೂ ಮುಗೀಲಿಲ್ವಾ? ಡಿಗ್ರಿ ಓದ್ಸಿದ್ದು ತೆನೆ ಸವರಾಕೇನವ್ವ? ಸರಿ ಆ ಕಡೆ, ಈ ಮೂಲೆಯಿಂದ್ಲೇ ಶುರು ಮಾಡ್ತೀವಿ.”

“ಅಪ್ಪಾ, ಇನ್ನು ಅರ್ಧ ಗಂಟೆ.”

“ಮಳೆ ನಿನ್ನ ಕೇಳ್ಕಂಡು ಬರ್ತೈತಾ?”

“ಲೇ ಕೆಂಚಪ್ಪ,” ಎಂದಿತು ಬೇವಿನ ನೆರಳು. “ನೀನು ಹುಟ್ಟಿದಾಗ ನಾನು ಕುಡಿದಿದ್ದು ಇದರ ಗಂಜೀನೆ. ಆ ಕಡೆ ಬದುವಿಂದ ಕೊಯ್ಕಂಡು ಬಾರಪ್ಪ.”

ಆಳುಗಳು ಮುಸಿಮುಸಿ ನಕ್ಕರು. ಕೆಂಚಪ್ಪ ಕುಡುಗೋಲನ್ನು ಹೆಗಲಿಗೆ ಹಾಕಿ ಏನೋ ಗೊಣಗಿದ, ಆಮೇಲೆ ಎಲ್ಲರನ್ನೂ ಕರೆದುಕೊಂಡು ಹೊಲದ ಆಚೆ ತುದಿಗೆ ನಡೆದ.

ಮೊದಲ ಹನಿ ಬೀಳುವ ಹೊತ್ತಿಗೆ ಎರಡು ತೋಳಿನ ತುಂಬ ತೆನೆಯಾಗಿತ್ತು. ಕೀರ್ತನಾಳ ಅಂಗೈ ಕೆಂಪಾಗಿ ಉರಿಯುತ್ತಿತ್ತು. ಬರಗೇರಮ್ಮ ಕಟ್ಟನ್ನು ತೊಡೆಯ ಮೇಲೆ ಹಾಕಿಕೊಂಡು ಒಂದೊಂದೇ ತೆನೆಯನ್ನು ಸವರಿದಳು. ಎರಡನ್ನು ತೆಗೆದು ಆಚೆ ಇಟ್ಟಳು. ಉಳಿದದ್ದಕ್ಕೆ ಬಾಳೆನಾರು ಸುತ್ತಿ ತಾನೇ ಗಂಟು ಹಾಕಿದಳು. ಹೊಗಳಲಿಲ್ಲ. “ನೀರು ಕುಡಿ ಹೋಗು,” ಎಂದಳು ಅಷ್ಟೆ.

ಮುಝಫರ್ ಗಾಡಿ ನಿಲ್ಲಿಸಿ ಓಡಿ ಬಂದ. “ಅಜ್ಜಿ, ಏನು ಫಿಲಂ ಹೀರೋ ಕನ್ನಡಕ! ನಮ್ಮನೆ ಅಜ್ಜಿ ನೋಡಿದ್ರೆ ನಂಗೂ ಬೇಕು ಅಂತಾಳೆ.”

“ಬಾಯಿ ಮುಚ್ಕಂಡು ಹಿಡಿ. ಆ ಹೊಸ ಸೊಸೆಗೆ ಹೇಳು, ಈ ಸಲ ಇದನ್ನ ಅಡಿಗೆಮನೆಗೆ ತರಬಾರ್ದು ಅಂತ.”

“ಹಿಂದಗಡೆ ಎಲ್ಲಾ ಒದ್ದೆ. ಎಲ್ಲಿಡಾಣ?” ಎಂದು ಅತ್ತಿತ್ತ ನೋಡಿ, ಅವನು ಕಟ್ಟನ್ನು ಕ್ಯಾಬಿನ್ನಿನ ಕೊಕ್ಕೆಗೆ ತಲೆಕೆಳಗಾಗಿ ತೂಗುಹಾಕಿದ. ಕೀರ್ತನಾ ಬೇಡ ಎನ್ನಲು ಬಾಯಿ ತೆರೆದಳು. “ತೂಗಲಿ ಬಿಡು, ಉದುರ್ತಾವಾ ನೋಡಾಣ,” ಎಂದು ಅಜ್ಜಿ ಅವಳ ಸೆರಗು ಹಿಡಿದು ತಡೆದಳು.

ಗಾಡಿ ಹೊರಟಿತು. ಹೊಲದ ದಾರಿ ರಸ್ತೆಗೆ ಸೇರುವಲ್ಲಿ ಮೊಣಕಾಲುದ್ದದ ಗುಂಡಿ. ಮುಂದಿನ ಚಕ್ರ ದಡಕ್ಕನೆ ಇಳಿಯಿತು, ಹಿಂದಿನದು ಇನ್ನೂ ಜೋರಾಗಿ. ಗಾಜಿನೊಳಗೆ ಕಪ್ಪು ಕಟ್ಟು ಗಂಟೆಯ ನಾಲಗೆಯಂತೆ ತೂಗಾಡಿತು. ಕೀರ್ತನಾ ಎರಡು ಹೆಜ್ಜೆ ಮುಂದೆ ಹೋದಳು.

ಗಾಡಿ ಮೇಲೆ ಹತ್ತಿ ನಿಂತಿತು. ಮುಝಫರ್ ಕಟ್ಟಿನ ಕೆಳಗಿನ ಸೀಟನ್ನು ಕೈಯಿಂದ ಸವರಿ ನೋಡಿದ್ದು ಕಂಡಿತು. ಆಮೇಲೆ ಆ ಕೈ ಕಿಟಕಿಯಿಂದ ಆಚೆ ಬಂದು ಅವರ ಕಡೆಗೆ ಅಗಲವಾಗಿ ತೆರೆದುಕೊಂಡಿತು. ಖಾಲಿ ಅಂಗೈಯ ಮೇಲೆ ಮಳೆ ಬೀಳುತ್ತಿತ್ತು.