ಮುಖ ತಿರುಗಿಸುವ ಕೆಲಸ

ಲಿಡಿಯಾ ಉನ್ರೂ ನಮ್ಮ ವಾರ್ಡಿಗೆ ಬಂದಾಗ ಅವಳ ಬಾಯಲ್ಲಿ ಒಂದೇ ಪದ್ಯವಿತ್ತು. ಕನ್ಸಾಸಿನ ಗೋಧಿ ಹೊಲಗಳ ನಡುವಿನ ಆ ಹುಚ್ಚಾಸ್ಪತ್ರೆಯಲ್ಲಿ ಬೈಯುವವರು, ಅಳುವವರು ಬೇಕಾದಷ್ಟು. ಪದ್ಯ ಹೇಳುವವಳು ಅವಳೊಬ್ಬಳೇ. ಅವಳ ಅಜ್ಜಿ ಕಟ್ಟಿದ ಪದ್ಯ ಅದು. ಅವರ ಮನೆಯಲ್ಲಿ ಒಬ್ಬೊಬ್ಬರಾಗಿ ಅದನ್ನು ಹೇಳಿದ ಮೇಲೆಯೇ ರೊಟ್ಟಿ ಮುರಿಯುವುದು.

ರೊಟ್ಟಿ ಕಂಡಿತು, ಕೊಟ್ಟ ಕೈ ಕಾಣಲಿಲ್ಲ;
ಕಾಣದ ಕೈಗೆ ಕೈಮುಗಿದೆವು.

ಅದನ್ನೇ ಲಿಡಿಯಾ ಹಾಲು ಕರೆಯುವಾಗ, ಬಟ್ಟೆ ಒಗೆಯುವಾಗ, ನಿದ್ದೆಗಣ್ಣಲ್ಲಿ ಕೂಡ ಹೇಳತೊಡಗಿದಳಂತೆ. ಒಲೆಯ ಮೇಲಿನ ಪಾತ್ರೆ ಸೀದು ಹೊಗೆ ತುಂಬಿದರೂ ಹೇಳುತ್ತಲೇ ನಿಂತಿದ್ದಳಂತೆ. ತಮ್ಮ ಟೋಬಿಯಾಸ್ ಕರೆತಂದು ಬಿಟ್ಟ. ವಾಸಿಯಾದ ದಿನ ತಾನೇ ಬಂದು ಕರೆದೊಯ್ಯುವೆನೆಂದು ಹೇಳಿ ಹೋದ. ಲಿಡಿಯಾಗೂ ಬೇರೆ ಆಸೆಯಿರಲಿಲ್ಲ. ಪದ್ಯದ ನಡುವೆ ಉಸಿರೆಳೆದುಕೊಂಡಾಗ ಅವಳು ಕೇಳುತ್ತಿದ್ದದ್ದು ಒಂದೇ: ಮನೆಗೆ ಯಾವಾಗ?

ಆ ವರ್ಷ ಬಂದ ಡಾಕ್ಟರ್ ಹ್ಯಾಲ್ವರ್ಸನ್ ಮನಸ್ಸಿನೊಳಗೆ ಇಣುಕುವವರಲ್ಲ. ಮನುಷ್ಯ ಏನು ಮಾಡುತ್ತಾನೆ, ಮಾಡಿದಾಗ ಅವನಿಗೆ ಏನು ಸಿಗುತ್ತದೆ, ಇಷ್ಟೇ ಅವರ ಶಾಸ್ತ್ರ. ಪದ್ಯ ಶುರುವಾದಾಗಲೆಲ್ಲ ನಾವು ದಾದಿಯರು ಓಡಿಹೋಗಿ ಸಮಾಧಾನ ಮಾಡುತ್ತಿದ್ದೆವಲ್ಲ, ಆ ಸಮಾಧಾನವೇ ಪದ್ಯಕ್ಕೆ ನೀರೆರೆಯುತ್ತಿದೆ ಎಂದರು. ಇನ್ನು ಪದ್ಯ ಹೇಳಿದರೆ ಮುಖ ತಿರುಗಿಸಬೇಕು. ಸುಮ್ಮನಾದ ಕೂಡಲೇ ಹತ್ತಿರ ಹೋಗಿ, ನಕ್ಕು, ಒಂದು ಪೆಪ್ಪರ್‌ಮಿಂಟು ಕೊಡಬೇಕು.

ನಾನೂ ಸ್ತೋತ್ರ ಕೇಳುತ್ತಲೇ ಬೆಳೆದವಳು. ಊಟದ ಹೊತ್ತಿಗಾದರೂ ಹೇಳಲು ಬಿಡೋಣವೇ ಎಂದು ಕೇಳಿದೆ.

"ವರ್ನಾ, ನಾಲಿಗೆಗೆ ಗಡಿಯಾರ ನೋಡೋಕೆ ಬರಲ್ಲ" ಎಂದರು.

ಅದು ನನಗೂ ಸರಿಯೆನಿಸಿತು. ಜೊತೆಯ ಮೇಬಲ್ ಮಾತ್ರ ಗೊಣಗುತ್ತಿದ್ದಳು: "ಅವಳಿಗೇನೋ ಪೆಪ್ಪರ್‌ಮಿಂಟು. ತಿರುಗಿ ತಿರುಗಿ ಉಳುಕಿದ ನನ್ನ ಕತ್ತಿಗೆ ಏನು ಕೊಡ್ತಾರಂತೆ ನಿಮ್ಮ ಡಾಕ್ಟ್ರು?"

ಮೊದಲು ಪದ್ಯ ಜೋರಾಯಿತು. ನಾವು ಯಾವ ಕಡೆ ತಿರುಗಿದರೂ ಲಿಡಿಯಾ ಆ ಕಡೆಗೇ ಬಂದು ನಿಲ್ಲುತ್ತಿದ್ದಳು. ಆಮೇಲೆ ಪಿಸುಮಾತಾಯಿತು, ಆಮೇಲೆ ಬರೀ ತುಟಿ. ಗೋಧಿ ಕೊಯ್ಲಿಗೆ ಬರುವಷ್ಟರಲ್ಲಿ ತುಟಿಯೂ ನಿಂತಿತು. ಹಾಸಿಗೆ ಸರಿಮಾಡಿದಳು, ತಲೆ ಬಾಚಿಕೊಂಡಳು, ಪಾತ್ರೆ ತೊಳೆದಳು. ಡಾಕ್ಟರು ಟೋಬಿಯಾಸನಿಗೆ ಹೇಳಿಕಳಿಸಿದರು.

ಅವನು ಹೆಂಡತಿ ಸುಟ್ಟ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದ. ಮೇಜಿನ ಮೇಲೆ ಬಿಚ್ಚಿ, ತನ್ನ ಸರದಿಯ ಪದ್ಯ ಹೇಳಿ, ಅಕ್ಕನ ಕಡೆ ನೋಡಿದ. ಲಿಡಿಯಾ ಬಾಯಿ ಬಿಗಿದುಕೊಂಡು ನಕ್ಕಳು. ಅವನು ಕಾದ. ಮೊದಲ ಪದವನ್ನು ತಾನೇ ಎತ್ತಿಕೊಟ್ಟ. ಅವಳು ಇಲ್ಲವೆಂದು ತಲೆಯಾಡಿಸಿದಳು. ಒಳ್ಳೆಯವಳಾಗಿರುವುದೆಂದರೆ ಅದನ್ನು ಹೇಳದಿರುವುದೆಂದು ನಾವೇ ಕಲಿಸಿದ್ದೆವು.

"ಹುಚ್ಚು ಹಿಡಿದಾಗ್ಲೂ ನಮ್ಮಕ್ಕ ಆಗಿದ್ಳು. ಇವಳು ಯಾರು?" ಎಂದ. ರೊಟ್ಟಿ ಬಿಟ್ಟು ಹೋದ.

ಹೋದ ಪದ್ಯವನ್ನು ಅದೇ ದಾರಿಯಲ್ಲಿ ಕರೆತರಬಹುದು ಎಂದರು ಡಾಕ್ಟರು. ಪದಕ್ಕೊಂದು ಪೆಪ್ಪರ್‌ಮಿಂಟು, ಆಮೇಲೆ ಸಾಲಿಗೊಂದು. ಲಿಡಿಯಾ ಬೇಗ ಕಲಿತಳು. ಟೋಬಿಯಾಸ್ ಮತ್ತೆ ಬಂದ ದಿನ ಟೋಪಿ ಹಾಕಿಕೊಂಡು ಸಿದ್ಧಳಾಗಿ ಕೂತಿದ್ದಳು. ಪದ್ಯವನ್ನು ಒಂದಕ್ಷರ ತಪ್ಪದೆ ಹೇಳಿದಳು. ಪೆಪ್ಪರ್‌ಮಿಂಟು ಹಿಡಿದು ನಿಂತಿದ್ದ ನನಗೆ ಕಣ್ಣು ತುಂಬಿತು.

ಟೋಬಿಯಾಸ್ ಕೈಮುಗಿಯಲಿಲ್ಲ. "ಕಾಣದ ಕೈ ಅಂತಾಳೆ. ಕಣ್ಣೆಲ್ಲ ನಿಮ್ಮ ಕೈ ಮೇಲೇ ಇದೆಯಲ್ಲ ತಾಯೀ?"

ಮನೆಯ ಗಾಳಿ ಬಿದ್ದರೆ ಸರಿಹೋಗುತ್ತಾಳೆ, ಕರೆದುಕೊಂಡು ಹೋಗಿ ಎಂದು ಬೇಡಿಕೊಂಡೆ.

"ನನ್ನ ಮಕ್ಕಳು ಪ್ರಾರ್ಥನೆ ಕಲಿಯೋ ವಯಸ್ಸು. ಯಾರನ್ನ ನೋಡ್ತಾರೋ ಅವರ ಹಾಗೇ ಕಲೀತಾರೆ" ಎಂದ. ಅದು ಡಾಕ್ಟರದೇ ಶಾಸ್ತ್ರ.

ಕಾರು ಗೇಟು ದಾಟಿದ ಮೇಲೆ ಲಿಡಿಯಾ ಕೇಳಿದಳು, "ನಾನು ತಪ್ಪು ಹೇಳಿದ್ನಾ?"

"ಇಲ್ಲಮ್ಮ, ಸರಿಯಾಗೇ ಹೇಳಿದೆ."

ಮನೆಗೆ ಯಾವಾಗ ಎಂದು ಆಮೇಲೆಯೂ ಸ್ವಲ್ಪ ಕಾಲ ಕೇಳುತ್ತಿದ್ದಳು. ಈ ಸಲ ಡಾಕ್ಟರು ಹೇಳಿಕೊಡಬೇಕಾಗಲಿಲ್ಲ, ನಾವಾಗಿಯೇ ಮುಖ ತಿರುಗಿಸಿದೆವು. ಹಿಮ ಬೀಳುವ ಹೊತ್ತಿಗೆ ಆ ಪ್ರಶ್ನೆಯೂ ನಿಂತಿತು.